ಪದಗಳ ಬೆನ್ನು ಹತ್ತಿದ ಡೀನ್



ಯಾಜಕನಾದವನು ಬಲಿಪೂಜೆ ಅರ್ಪಿಸಬೇಕು, ಶುಭಸಂದೇಶ ಸಾರಬೇಕು, ರೋಗಿಗಳನ್ನು ಸಂದರ್ಶಿಸಬೇಕು. ಇದನ್ನೆಲ್ಲ ಪಕ್ಕಕ್ಕಿಟ್ಟು ನಿಘಂಟು ಬರೆಯುತ್ತಾ ಕೂರುವುದು ಯಾವ ಸೇವೆ? ಹೀಗೆ ಕೇಳುವವರು ಇದ್ದಾರೆ. ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹುಡುಕುವ ನೆಪದಲ್ಲಿ ಈ ವಾರ ಇಂಗ್ಲೆಂಡಿನ ಒಬ್ಬ ಆಂಗ್ಲಿಕನ್ ಯಾಜಕರ ಬದುಕನ್ನು ನೋಡೋಣ. ಅವರ ಹೆಸರು ಹೆನ್ರಿ ಜಾರ್ಜ್ ಲಿಡಲ್. ಹತ್ತೊಂಬತ್ತನೆಯ ಶತಮಾನದಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬಾಳಿದವರು. ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಹೊಸ ಒಡಂಬಡಿಕೆಯನ್ನು ಅದರ ಮೂಲ ಗ್ರೀಕ್ ಭಾಷೆಯಲ್ಲಿ ಓದಲು ಹೊರಟ ಸೆಮಿನರಿ ವಿದ್ಯಾರ್ಥಿ ಎಂದಾದರೊಂದು ದಿನ ಅವರ ಪುಸ್ತಕದ ಮುಂದೆ ಕೂರಲೇಬೇಕು. ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ ಅದು. 'ಲಿಡಲ್ ಮತ್ತು ಸ್ಕಾಟ್' ಎಂದೇ ಅದರ ಹೆಸರು. ಅದು ಯಾರೋ ಇಬ್ಬರು ಮನುಷ್ಯರ ಹೆಸರು ಎಂಬುದೇ ಎಷ್ಟೋ ಜನರಿಗೆ ಮರೆತುಹೋಗಿರುತ್ತದೆ.

ಲಿಡಲ್ ಹುಟ್ಟಿದ್ದು 1811ರ ಫೆಬ್ರವರಿ 6ರಂದು, ಇಂಗ್ಲೆಂಡಿನ ಉತ್ತರ ಭಾಗದ ಡರಮ್ ಪ್ರಾಂತದಲ್ಲಿ. ತಂದೆಯೂ ಆಂಗ್ಲಿಕನ್ ಯಾಜಕರೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಓದಿ 1833ರಲ್ಲಿ ಪ್ರಾಚೀನ ಭಾಷೆಗಳು ಮತ್ತು ಗಣಿತ ಎರಡರಲ್ಲೂ ಪ್ರಥಮ ದರ್ಜೆ ಗಳಿಸಿದರು. ಅದೇ ಕಾಲೇಜಿನಲ್ಲಿ ರಾಬರ್ಟ್ ಸ್ಕಾಟ್ ಎಂಬ ಗೆಳೆಯ ಇದ್ದ. ಲಿಡಲ್‌ಗಿಂತ ಹನ್ನೊಂದು ದಿನ ಮೊದಲು ಹುಟ್ಟಿದವನು. ಇಪ್ಪತ್ತರ ಹರೆಯದ ಇವರಿಬ್ಬರೂ ಸೇರಿ ಇಂಗ್ಲಿಷಿನಲ್ಲಿ ಒಂದು ಪೂರ್ಣ ಪ್ರಮಾಣದ ಗ್ರೀಕ್ ನಿಘಂಟು ಬರೆಯಲು ಒಪ್ಪಿಕೊಂಡರು. ಅದುವರೆಗೆ ಅಲ್ಲಿಯ ವಿದ್ಯಾರ್ಥಿಗಳು ಗ್ರೀಕ್ ಪದಕ್ಕೆ ಹೆಚ್ಚಾಗಿ ಲ್ಯಾಟಿನ್ ಅರ್ಥ ನೋಡಿ, ಆ ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬರಬೇಕಾಗಿತ್ತು.

ಅವರಿಗೆ ತಳಹದಿಯಾಗಿ ಸಿಕ್ಕಿದ್ದು ಫ್ರಾನ್ಸ್ ಪಾಸೋ ಎಂಬ ಜರ್ಮನ್ ವಿದ್ವಾಂಸರ ಗ್ರೀಕ್-ಜರ್ಮನ್ ನಿಘಂಟು. ಪಾಸೋ 1833ರಲ್ಲಿಯೇ ತೀರಿಕೊಂಡಿದ್ದರು. ಅವರದೊಂದು ನಿಯಮವಿತ್ತು: ಪ್ರತಿಯೊಂದು ಪದವೂ ತನ್ನ ಜೀವನಚರಿತ್ರೆಯನ್ನು ತಾನೇ ಹೇಳಬೇಕು. ಮೊದಲು ಹೋಮರನ ಕಾವ್ಯದಲ್ಲಿ ಆ ಪದ ಹೇಗೆ ಬಂದಿದೆ ನೋಡು. ಆಮೇಲೆ ನಾಟಕಕಾರರಲ್ಲಿ, ಇತಿಹಾಸಕಾರರಲ್ಲಿ, ತತ್ತ್ವಜ್ಞಾನಿಗಳಲ್ಲಿ, ಭಾಷಣಕಾರರಲ್ಲಿ. ಕಾಲಕ್ರಮದಲ್ಲಿ ಸಾಕ್ಷಿಗಳನ್ನು ಕರೆದು ನಿಲ್ಲಿಸು, ಅರ್ಥ ತಾನಾಗಿ ಹೊರಬರುತ್ತದೆ. ನಿಘಂಟುಕಾರನು ತನಗೆ ಬೇಕಾದ ಅರ್ಥವನ್ನು ಪದದ ಬಾಯಿಗೆ ತುರುಕಬಾರದು. ಲಿಡಲ್ ಮತ್ತು ಸ್ಕಾಟ್ ಈ ನಿಯಮವನ್ನು ಹಿಡಿದುಕೊಂಡರು.

ಕೆಲಸ ಸುಲಭವಾಗಿರಲಿಲ್ಲ. ಇಬ್ಬರಿಗೂ ಪಾಠ ಹೇಳುವ ಹೊಣೆ ಇತ್ತು, ಯಾಜಕ ಸೇವೆ ಇತ್ತು. ಪ್ರಕಟಿಸಲು ಮುಂದಾಗಿದ್ದ ಆಕ್ಸ್‌ಫರ್ಡಿನ ಪುಸ್ತಕ ವ್ಯಾಪಾರಿ ಟಾಲ್‌ಬಾಯ್ಸ್ 1840ರಲ್ಲಿ ತೀರಿಕೊಂಡದ್ದರಿಂದ ವಿಶ್ವವಿದ್ಯಾಲಯದ ಮುದ್ರಣಾಲಯವೇ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾಯಿತು. ಅದೇ ವರ್ಷ ಸ್ಕಾಟ್ ದೂರದ ಕಾರ್ನ್‌ವಾಲ್ ಸೀಮೆಯ ಡುಲೋ ಎಂಬ ಹಳ್ಳಿಯ ಧರ್ಮಕೇಂದ್ರಕ್ಕೆ ಗುರುವಾಗಿ ಹೋದರು. ಅಂದರೆ ಪ್ರಪಂಚದ ದೊಡ್ಡ ನಿಘಂಟುಗಳಲ್ಲಿ ಒಂದರ ಅರ್ಧ ಭಾರ ಹೊತ್ತವರು ಒಬ್ಬ ಹಳ್ಳಿಯ ಪಾದ್ರಿ! ಆಕ್ಸ್‌ಫರ್ಡಿನಲ್ಲಿ ಉಳಿದ ಲಿಡಲ್ ಪತ್ರಗಳ ಮೂಲಕವೇ ಗೆಳೆಯನೊಡನೆ ಸಂಪರ್ಕ ಇಟ್ಟುಕೊಂಡಿದ್ದರು. 1842ರಲ್ಲಿ ಬರೆದ ಒಂದು ಪತ್ರದಲ್ಲಿ 'ಪೈ' ಅಕ್ಷರವನ್ನು ಎರಡು ಕಾಲಿನ ರಾಕ್ಷಸ ಎಂದು ಕರೆದು, ಕಾಲು ಅಗಲಿಸಿ ನಿಂತ ಅದರ ಚಿತ್ರವನ್ನೂ ಬಿಡಿಸಿ ಕಳಿಸಿದ್ದರು. ತಿಂಗಳುಗಟ್ಟಲೆ ಆ ಅಕ್ಷರ ಅವರ ನಿದ್ದೆಯನ್ನೂ ಕೆಡಿಸಿತ್ತು. ಪೆರಿ, ಪ್ರೊ, ಪ್ರೋಸ್ ಮುಂತಾದ ಉಪಸರ್ಗಗಳು ಸೇರಿಕೊಂಡು ಗ್ರೀಕ್ ನಿಘಂಟಿನಲ್ಲಿ ಆ ಅಕ್ಷರ ಬೆಳೆಯುತ್ತಲೇ ಹೋಗುತ್ತದೆ. ನಮ್ಮ ಪರಿ, ಪ್ರ, ಪ್ರತಿಗಳ ಬಂಧುಗಳೇ ಅವು. ಕನ್ನಡ ನಿಘಂಟಿನಲ್ಲಿ 'ಪ' ಅಕ್ಷರದ ಪುಟಗಳನ್ನು ತಿರುವಿದವರಿಗೆ ಲಿಡಲ್ ಅವರ ಕಷ್ಟ ಅರ್ಥವಾದೀತು.

1843ರಲ್ಲಿ ನಿಘಂಟು ಹೊರಬಂತು. 1,500ಕ್ಕೂ ಹೆಚ್ಚು ದೊಡ್ಡ ಪುಟಗಳು. ಲಿಡಲ್‌ಗೆ ಆಗ 32 ವರ್ಷ. ಅಲ್ಲಿಗೆ ಕೆಲಸ ಮುಗಿಯಿತು ಎಂದು ಯಾರಾದರೂ ಹೇಳಬಹುದಾಗಿತ್ತು. ಆದರೆ 1845ರಲ್ಲಿ ತಿದ್ದಿದ ಎರಡನೆಯ ಆವೃತ್ತಿ, 1849ರಲ್ಲಿ ಮೂರನೆಯದು, 1855, 1861, 1869, ಆಮೇಲೆ 1880ರ ದಶಕದಲ್ಲಿ ಏಳನೆಯದು, 1897ರಲ್ಲಿ ಎಂಟನೆಯದು. ಐವತ್ತನಾಲ್ಕು ವರ್ಷ ಒಂದೇ ಪುಸ್ತಕವನ್ನು ತಿದ್ದಿದರು. ಪ್ರತಿ ಸಲವೂ ಯಾರಾದರೂ ತಪ್ಪು ತೋರಿಸುವರು, ಹೊಸ ಶಾಸನ ಸಿಗುವುದು, ಹಳೆಯ ಗ್ರಂಥದ ಉತ್ತಮ ಪಾಠ ಅಚ್ಚಾಗುವುದು. ಆ ಪುಟ ಮತ್ತೆ ತಿದ್ದಬೇಕು. ಅಮೆರಿಕದ ಪ್ರಾಧ್ಯಾಪಕರು ಕಳಿಸಿದ ತಿದ್ದುಪಡಿಗಳನ್ನೂ ಸ್ವೀಕರಿಸಿ ಮುನ್ನುಡಿಯಲ್ಲಿ ಅವರ ಹೆಸರು ಹೇಳಿ ಉಪಕಾರ ಸ್ಮರಿಸಿದರು. ಆದರೆ ಒಂದು ಮಾತು. ಮೊದಲ ಮೂರು ಆವೃತ್ತಿಗಳ ಶೀರ್ಷಿಕೆ ಪುಟದಲ್ಲಿದ್ದ ಪಾಸೋ ಹೆಸರು 1855ರ ನಾಲ್ಕನೆಯ ಆವೃತ್ತಿಯಿಂದ ಕಾಣಿಸುವುದಿಲ್ಲ. ಅಷ್ಟರಲ್ಲಿ ಕೆಲಸ ಬಹುಮಟ್ಟಿಗೆ ಅವರದೇ ಆಗಿತ್ತು, ನಿಜ. ಆದರೂ ಆ ಹೆಸರನ್ನು ಉಳಿಸಿಕೊಂಡಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸುತ್ತದೆ.

ಈಗ ಆ ನಿಘಂಟಿನ ದಾರಿಯಲ್ಲಿ ನಾವೂ ಸ್ವಲ್ಪ ನಡೆದು ನೋಡೋಣ. ನಮ್ಮ ವಿಶ್ವಾಸಕ್ಕೆ ಹತ್ತಿರವಾದ ಕೆಲವು ಪದಗಳನ್ನೇ ತೆಗೆದುಕೊಳ್ಳೋಣ.

'ಹಮಾರ್ತಿಯ' ಎಂದರೆ ಪಾಪ. ಹೊಸ ಒಡಂಬಡಿಕೆಯಲ್ಲಿ ಮತ್ತೆ ಮತ್ತೆ ಬರುವ ಪದ. ಇದರ ಕ್ರಿಯಾಪದ ಹೋಮರನಲ್ಲಿ ಬರುವುದು ರಣರಂಗದಲ್ಲಿ. ವೀರನೊಬ್ಬ ಈಟಿ ಎಸೆಯುತ್ತಾನೆ, ಅದು ಗುರಿ ತಪ್ಪುತ್ತದೆ. ಅದೇ ಅಲ್ಲಿಯ ಅರ್ಥ. 'ಎಕ್ಲೇಸಿಯ' ಎಂದರೆ ನಮಗೆ ಧರ್ಮಸಭೆ. ಅಥೆನ್ಸ್ ನಗರದಲ್ಲಿ ಅದು ಊರಿನ ವಿಚಾರ ತೀರ್ಮಾನಿಸಲು ಕೂಡುತ್ತಿದ್ದ ನಾಗರಿಕರ ಸಭೆ. ಪ್ರೇಷಿತರ ಕಾರ್ಯಕಲಾಪಗಳ 19ನೆಯ ಅಧ್ಯಾಯವನ್ನು ಓದಿ ನೋಡಿ. ಎಫೆಸದಲ್ಲಿ ಸಂತ ಪೌಲರ ವಿರುದ್ಧ ಗಲಭೆ ಎದ್ದು ಜನ ರಂಗಮಂದಿರಕ್ಕೆ ನುಗ್ಗುತ್ತಾರೆ. ಏಕೆ ಸೇರಿದ್ದೇವೆಂಬುದೇ ಬಹುಮಂದಿಗೆ ತಿಳಿದಿರುವುದಿಲ್ಲ. ಆ ಗದ್ದಲದ ಗುಂಪಿಗೂ ಸಂತ ಲೂಕ ಬಳಸುವ ಪದ ಎಕ್ಲೇಸಿಯವೇ!

ಮುಂದಿನದು ನಾವು ಬಹಳವಾಗಿ ಕೇಳಿರುವ ಪದ: 'ಅಗಾಪೆ'. ಧ್ಯಾನಕೂಟಗಳಲ್ಲಿ, ವಿವಾಹ ಸಿದ್ಧತೆಯ ತರಗತಿಗಳಲ್ಲಿ ಇದರ ವಿವರಣೆ ತಪ್ಪದೆ ಬರುತ್ತದೆ. ಗ್ರೀಕ್ ಭಾಷೆಯಲ್ಲಿ ಪ್ರೀತಿಗೆ ಬೇರೆ ಬೇರೆ ಪದಗಳಿವೆ, ಕಾಮದ ಪ್ರೀತಿಗೆ ಒಂದು, ಸ್ನೇಹಕ್ಕೆ ಒಂದು, ಅಗಾಪೆ ಮಾತ್ರ ದೇವರ ನಿಸ್ವಾರ್ಥ ಪ್ರೀತಿಗೆ ಮೀಸಲಾದ ಪದ ಎಂದು ಹೇಳುತ್ತಾರೆ. ಕೇಳಲು ಸೊಗಸಾಗಿದೆ. ಆದರೆ ಪದವೇ ತನ್ನ ಕಥೆ ಹೇಳಲಿ ಎಂದು ಬಿಟ್ಟರೆ ಬೇರೊಂದು ಸಂಗತಿ ಹೊರಬರುತ್ತದೆ. ಕ್ರಿಸ್ತಪೂರ್ವ ಕಾಲದಲ್ಲಿ ಯೆಹೂದ್ಯರು ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ಅನುವಾದಿಸಿದರು; ಸೆಪ್ಟುವಜಿಂಟ್ ಎಂದು ಅದರ ಹೆಸರು. ಅದರಲ್ಲಿ 2 ಸಮುವೇಲ 13:15ನ್ನು ನೋಡಿ. ದಾವೀದನ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳನ್ನು ಬಲಾತ್ಕಾರದಿಂದ ಕೆಡಿಸುತ್ತಾನೆ. ಆಮೇಲೆ ಅವಳ ಮೇಲೆ ಅವನಿಗೆ ಹುಟ್ಟಿದ ದ್ವೇಷ ಹಿಂದಿನ ಪ್ರೀತಿಗಿಂತ ಹೆಚ್ಚಾಗಿತ್ತು ಎಂದು ಅಲ್ಲಿದೆ. ಆ 'ಪ್ರೀತಿ'ಗೆ ಬಳಸಿದ ಗ್ರೀಕ್ ಪದ ಯಾವುದು ಗೊತ್ತೇ? ಅಗಾಪೆಯೇ!

ಇದನ್ನು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಅಗಾಪೆ ಆಕಾಶದಿಂದ ಇಳಿದುಬಂದ ಪವಿತ್ರ ಶಬ್ದವೇನಲ್ಲ. ಅದೂ ಒಂದು ಸಾಧಾರಣ ಪದವೇ. ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯದಲ್ಲಿ ಆ ಸಾಧಾರಣ ಪದವನ್ನೇ ಎತ್ತಿಕೊಂಡು, ಪ್ರೀತಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಬೇಕಾಯಿತು. ಪದದಲ್ಲೇ ಎಲ್ಲ ಅರ್ಥ ಅಡಗಿದ್ದಿದ್ದರೆ ಅಷ್ಟು ವಿವರಣೆ ಏಕೆ ಬೇಕಿತ್ತು? ಸಂತ ಯೊವಾನ್ನರೂ ತಮ್ಮ ಮೊದಲ ಪತ್ರದ 4ನೆಯ ಅಧ್ಯಾಯದಲ್ಲಿ ಪ್ರೀತಿ ಎಂದರೇನೆಂದು ಹೇಳಲು ಹೊರಟು, ನಮ್ಮ ಪಾಪಗಳಿಗಾಗಿ ದೇವರು ತಮ್ಮ ಪುತ್ರನನ್ನು ಕಳಿಸಿಕೊಟ್ಟ ಘಟನೆಯತ್ತ ಬೊಟ್ಟು ಮಾಡುತ್ತಾರೆ. ಗಂಡ ಹೆಂಡತಿಗೂ ಇದು ಅನ್ವಯಿಸುತ್ತದೆ. 'ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಮಾತನ್ನು ಅಮ್ನೋನನೂ ಆಡಬಲ್ಲ. ಆ ಮಾತಿಗೆ ಏನರ್ಥ ಎಂಬುದು ಮನೆಯಲ್ಲಿ ನಡೆದುಕೊಳ್ಳುವ ರೀತಿಯಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಪದ 'ಲೇತುರ್ಗಿಯ'. ಇಂಗ್ಲಿಷಿನ ಲಿಟರ್ಜಿ, ಅಂದರೆ ನಮ್ಮ ದೈವಾರಾಧನಾ ವಿಧಿ, ಬಂದದ್ದು ಇದರಿಂದ. ಅಥೆನ್ಸಿನಲ್ಲಿ ಇದಕ್ಕೂ ಪೂಜೆಗೂ ನೇರ ಸಂಬಂಧವಿರಲಿಲ್ಲ. ಅಲ್ಲಿ ಉಳ್ಳವರ ಮೇಲೆ ನಗರ ಕೆಲವು ಹೊಣೆಗಳನ್ನು ಹೊರಿಸುತ್ತಿತ್ತು. ಒಬ್ಬ ಧನಿಕ ಒಂದು ವರ್ಷ ಯುದ್ಧನೌಕೆಯೊಂದರ ಖರ್ಚು ಹೊರಬೇಕು. ಇನ್ನೊಬ್ಬ ಹಬ್ಬದ ನಾಟಕಕ್ಕೆ ಮೇಳವನ್ನು ಸಜ್ಜುಗೊಳಿಸಬೇಕು. ಸ್ವಂತ ಖರ್ಚಿನಲ್ಲಿ ಊರಿಗಾಗಿ ಮಾಡುವ ಇಂಥ ಕೆಲಸವೇ ಲೇತುರ್ಗಿಯ. ಮುಂದೆ ಸೆಪ್ಟುವಜಿಂಟಿನಲ್ಲಿ ಈ ಪದ ದೇವಾಲಯದ ಯಾಜಕ ಸೇವೆಗೆ ಬಂತು. ಸಂತ ಲೂಕ ಮೊದಲ ಅಧ್ಯಾಯದಲ್ಲಿ ಜಕರೀಯನ ಸೇವೆಯ ದಿನಗಳು ಮುಗಿದವು ಎನ್ನುವಾಗ ಬಳಸಿದ್ದು ಇದನ್ನೇ. ಆದರೆ ಹಳೆಯ ಅರ್ಥ ಸತ್ತಿರಲಿಲ್ಲ. ಜೆರುಸಲೇಮಿನ ಬಡ ಕ್ರೈಸ್ತರಿಗಾಗಿ ಕೊರಿಂಥದವರು ಹಣ ಕೂಡಿಸಿದಾಗ ಸಂತ ಪೌಲರು ಆ ಕಾಣಿಕೆಯನ್ನು ಲೇತುರ್ಗಿಯ ಎಂದೇ ಕರೆಯುತ್ತಾರೆ (2 ಕೊರಿಂಥಿಯರಿಗೆ 9:12). ಪೀಠದ ಮೇಲಿನ ಸೇವೆಗೂ ಬಡವರಿಗಾಗಿ ಎತ್ತಿದ ಹಣಕ್ಕೂ ಒಂದೇ ಹೆಸರು. ಭಾನುವಾರ ಕಾಣಿಕೆಯ ಬುಟ್ಟಿ ಬಂದಾಗ ಇದನ್ನು ನೆನಪಿಸಿಕೊಳ್ಳಬಹುದು.

ಮೊದಲು ಕೇಳಿದ ಪ್ರಶ್ನೆಗೂ ಇಲ್ಲಿ ಒಂದು ಉತ್ತರ ಸಿಗುತ್ತದೆ. ತಮ್ಮ ಸಂಜೆಗಳನ್ನು, ಕಣ್ಣಿನ ಶಕ್ತಿಯನ್ನು ಖರ್ಚು ಮಾಡಿ ಮುಂದಿನ ತಲೆಮಾರುಗಳ ಓದುಗರಿಗಾಗಿ ಹಡಗು ಕಟ್ಟಿದವರು ಈ ಇಬ್ಬರು.

ಇನ್ನು ಲಿಡಲ್ ಅವರ ಉಳಿದ ಬದುಕಿಗೆ ಬರೋಣ. 1846ರಲ್ಲಿ ಲೊರೀನ ರೀವ್ ಎಂಬುವರನ್ನು ಮದುವೆಯಾದರು. ಅದೇ ವರ್ಷ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಮುಖ್ಯೋಪಾಧ್ಯಾಯರಾದರು. 1855ರಲ್ಲಿ ತಾವು ಓದಿದ ಕ್ರೈಸ್ಟ್ ಚರ್ಚಿಗೇ ಡೀನ್ ಆಗಿ ಮರಳಿದರು. ಡೀನ್ ಎಂದರೆ ನಮಗೆ ವಲಯದ ಹಿರಿಯ ಗುರು ಅಥವಾ ಮೆಡಿಕಲ್ ಕಾಲೇಜಿನ ಡೀನ್ ನೆನಪಾಗುತ್ತಾರೆ. ಕ್ರೈಸ್ಟ್ ಚರ್ಚಿನ ಡೀನ್ ಹುದ್ದೆ ವಿಚಿತ್ರವಾದದ್ದು. ಆ ಸಂಸ್ಥೆ ಏಕಕಾಲಕ್ಕೆ ಕಾಲೇಜೂ ಹೌದು, ಆಕ್ಸ್‌ಫರ್ಡ್ ಮೇತ್ರಾಸನದ ಪ್ರಧಾನಾಲಯವೂ ಹೌದು. ಎರಡಕ್ಕೂ ಡೀನರೇ ಮುಖ್ಯಸ್ಥರು. ಅದರ ಬೇರು ನಮ್ಮ ಧರ್ಮಸಭೆಯಲ್ಲಿದೆ. ಅದು ಮೊದಲು ಸಂತ ಫ್ರೈಡ್‌ಸ್ವೈಡ್ ಅವರ ಹೆಸರಿನ ಸನ್ಯಾಸಿ ಮಠ. 1525ರಲ್ಲಿ ಕಾರ್ಡಿನಲ್ ವೂಲ್ಸಿ ಮಠವನ್ನು ಮುಚ್ಚಿಸಿ ಅಲ್ಲಿ ಕಾಲೇಜು ಸ್ಥಾಪಿಸಿದರು. 1546ರಲ್ಲಿ ಎಂಟನೆಯ ಹೆನ್ರಿ ಅದಕ್ಕೆ ಇಂದಿನ ರೂಪ ಕೊಟ್ಟ.

ಲಿಡಲ್ ಎತ್ತರದ ನಿಲುವಿನ, ಗಂಭೀರ ಮುಖದ ಮನುಷ್ಯ. ವಿದ್ಯಾರ್ಥಿಗಳಿಗೆ ಅವರೆಂದರೆ ಹೆದರಿಕೆ. ಆದರೆ ಸಭೆಗಳಲ್ಲಿ ಕುಳಿತಲ್ಲೇ ಒತ್ತುಕಾಗದದ ಮೇಲೆ ಚೆಂದದ ಚಿತ್ರಗಳನ್ನು ಬಿಡಿಸುತ್ತಿದ್ದರಂತೆ. ಮೂವತ್ತಾರು ವರ್ಷ, 1891ರವರೆಗೆ ಡೀನರಾಗಿದ್ದರು; 1870ರಿಂದ 1874ರವರೆಗೆ ವಿಶ್ವವಿದ್ಯಾಲಯದ ಉಪಕುಲಪತಿಯೂ ಆಗಿದ್ದರು.

ಕಥೋಲಿಕರಾದ ನಮಗೆ ಮುಖ್ಯವಾದ ಒಂದು ವಿಷಯ ಇಲ್ಲಿದೆ. ಆಗ ಆಕ್ಸ್‌ಫರ್ಡಿಗೆ ಸೇರಬೇಕಾದರೆ ಆಂಗ್ಲಿಕನ್ ಸಭೆಯ 39 ವಿಧಿಗಳಿಗೆ ಸಹಿ ಹಾಕಬೇಕಿತ್ತು. ಕಥೋಲಿಕ ಮನೆಯ ಹುಡುಗನಿಗೆ ಬಾಗಿಲು ಮುಚ್ಚಿತ್ತು. 1850ರಲ್ಲಿ ಸರ್ಕಾರ ವಿಶ್ವವಿದ್ಯಾಲಯದ ಸುಧಾರಣೆಗೆ ನೇಮಿಸಿದ ಆಯೋಗದಲ್ಲಿ ಲಿಡಲ್ ಒಬ್ಬ ಸದಸ್ಯರು. 1854ರ ಕಾಯಿದೆಯಿಂದ ಇತರ ಸಭೆಗಳವರಿಗೂ ಪ್ರವೇಶ ಮತ್ತು ಮೊದಲ ಪದವಿ ಸಾಧ್ಯವಾಯಿತು. 1871ರಲ್ಲಿ, ಲಿಡಲ್ ಉಪಕುಲಪತಿಯಾಗಿದ್ದಾಗ, ಬಂದ ಇನ್ನೊಂದು ಕಾಯಿದೆ ಉಳಿದ ತಡೆಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. ಆಮೇಲೂ ವಿಶ್ವಾಸಕ್ಕೆ ಅಪಾಯವೆಂದು ನಮ್ಮವರೇ ಯುವಕರನ್ನು ಅಲ್ಲಿಗೆ ಹೋಗದಂತೆ ತಡೆದರು. ರೋಮಿನಿಂದ ಅನುಮತಿ ಬಂದದ್ದು 1895ರಲ್ಲಿ. ಮರುವರ್ಷವೇ ಯೇಸುಸಭೆಯವರು ಆಕ್ಸ್‌ಫರ್ಡಿನಲ್ಲಿ ತಮ್ಮ ವಿದ್ಯಾಮಂದಿರ ತೆರೆದರು.

ಆದರೆ ಲಿಡಲ್ ಕಥೋಲಿಕ ವಿಶ್ವಾಸದ ಕಡೆ ಒಲಿದವರಲ್ಲ. ಅವರ ಯೌವನದಲ್ಲಿ ಅದೇ ಊರಿನಲ್ಲಿ ಜಾನ್ ಹೆನ್ರಿ ನ್ಯೂಮನ್ ಎಬ್ಬಿಸಿದ ಚಳವಳಿಯನ್ನು ಅವರು ಸೇರಲಿಲ್ಲ. 1845ರಲ್ಲಿ ನ್ಯೂಮನ್ ನಮ್ಮ ಧರ್ಮಸಭೆಗೆ ಬಂದರು, 1879ರಲ್ಲಿ ಕಾರ್ಡಿನಲ್ ಆದರು, 2019ರಲ್ಲಿ ಸಂತರೆಂದು ಘೋಷಿತರಾದರು. ಇತ್ತ ಸ್ಕಾಟ್ 1854ರಿಂದ 1870ರವರೆಗೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾಗಿದ್ದರು. ಆ ಅವಧಿಯಲ್ಲೇ ಅಲ್ಲಿ ಓದುತ್ತಿದ್ದ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1866ರಲ್ಲಿ ನ್ಯೂಮನ್ ಅವರ ಕೈಯಿಂದಲೇ ಕಥೋಲಿಕ ಸಭೆಗೆ ಸೇರಿ, ಯೇಸುಸಭೆಯ ಗುರುವಾಗಿ, ಕೊನೆಗೆ ಡಬ್ಲಿನ್ನಿನಲ್ಲಿ ಗ್ರೀಕ್ ಪ್ರಾಧ್ಯಾಪಕರಾದರು. ಇಂಗ್ಲಿಷ್ ಕಾವ್ಯದಲ್ಲಿ ಅವರ ಹೆಸರು ದೊಡ್ಡದು.

ಲಿಡಲ್ ದಂಪತಿಗೆ ಹತ್ತು ಮಕ್ಕಳು. ಇಬ್ಬರು ಗಂಡುಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಮಕ್ಕಳಲ್ಲಿ ಒಬ್ಬಳ ಹೆಸರು ಆ್ಯಲಿಸ್. ಕ್ರೈಸ್ಟ್ ಚರ್ಚಿನಲ್ಲಿ ಗಣಿತ ಹೇಳುತ್ತಿದ್ದ ಚಾರ್ಲ್ಸ್ ಡಾಜ್‌ಸನ್ ಎಂಬವರು 1862ರ ಜುಲೈ 4ರಂದು ಲೊರೀನ, ಆ್ಯಲಿಸ್, ಎಡಿತ್ ಎಂಬ ಮೂವರು ಅಕ್ಕತಂಗಿಯರನ್ನು ದೋಣಿಯಲ್ಲಿ ಕರೆದೊಯ್ದು ಒಂದು ಕಥೆ ಹೇಳಿದರು. ಅದೇ 1865ರಲ್ಲಿ ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಪುಸ್ತಕವಾಗಿ ಲೋಕವನ್ನೇ ಸುತ್ತಿತು. ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರುವ ಆ್ಯಲಿಸ್ ಅವಳೇ. ಐವತ್ತನಾಲ್ಕು ವರ್ಷ ದುಡಿದ ಅಪ್ಪನಿಗಿಂತ ಒಂದು ಮಧ್ಯಾಹ್ನ ಕಥೆ ಕೇಳಿದ ಮಗಳ ಹೆಸರೇ ಹೆಚ್ಚು ಜನಕ್ಕೆ ಪರಿಚಯ!

ಆ ದೋಣಿಯಲ್ಲಿದ್ದ ಕಿರಿಯವಳು ಎಡಿತ್. 1876ರಲ್ಲಿ, ಮದುವೆ ನಿಶ್ಚಯವಾಗಿದ್ದಾಗ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಾಯಿಲೆ ಬಿದ್ದು ತೀರಿಕೊಂಡಳು. ಅವಳ ನೆನಪಿಗಾಗಿ ಪ್ರಧಾನಾಲಯದಲ್ಲಿ 1878ರಲ್ಲಿ ಒಂದು ವರ್ಣಗಾಜಿನ ಕಿಟಕಿ ಇಡಲಾಯಿತು. ಬರ್ನ್-ಜೋನ್ಸ್ ಎಂಬ ಕಲಾವಿದ ಅದರಲ್ಲಿ ಚಿತ್ರಿಸಿದ್ದು ವಿದ್ಯಾರ್ಥಿಗಳ ಪಾಲಕಿಯಾದ ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳನ್ನು. ಸಂತಳ ಮುಖ ಎಡಿತಳದು. ಡೀನರು ಮುಂದೆ ಹದಿಮೂರು ವರ್ಷ ಅದೇ ಆಲಯದಲ್ಲಿ ಆರಾಧನೆ ನಡೆಸಬೇಕಾಗಿತ್ತು.

1887ರಲ್ಲಿ, ರಾಚೆಸ್ಟರ್ ಪ್ರಧಾನಾಲಯದ ಡೀನರಾಗಿದ್ದ ಸ್ಕಾಟ್ ನಿಧನರಾದರು. ಹುಡುಗಾಟದ ಕಾಲದ ಗೆಳೆಯನಿಲ್ಲದೆ ಲಿಡಲ್ ಒಬ್ಬರೇ ಎಂಟನೆಯ ಆವೃತ್ತಿಯನ್ನು ತಿದ್ದಿದರು. ನಿವೃತ್ತರಾಗಿ ಆ್ಯಸ್ಕಟ್ ಎಂಬಲ್ಲಿ ನೆಲೆಸಿದ್ದ ಅವರಿಗೆ 1897ರಲ್ಲಿ ಅದು ಹೊರಬಂದಾಗ 86 ವರ್ಷ. ಅವರ ನಂತರವೂ ತಿದ್ದುಪಡಿ ನಿಲ್ಲಲಿಲ್ಲ. ಹೆನ್ರಿ ಸ್ಟುವರ್ಟ್ ಜೋನ್ಸ್ ಮತ್ತು ರಾಡರಿಕ್ ಮೆಕೆಂಜಿ 1925ರಿಂದ ಒಂಬತ್ತನೆಯ ಆವೃತ್ತಿಯನ್ನು ಕಂತುಕಂತಾಗಿ ತಂದರು. 1940ರಲ್ಲಿ ಅದು ಪೂರ್ಣವಾಗುವಷ್ಟರಲ್ಲಿ ಇಬ್ಬರೂ ತೀರಿಹೋಗಿದ್ದರು. ಅದರಿಂದ ಬಿಟ್ಟ ಧರ್ಮಪಿತೃಗಳ ಗ್ರೀಕ್ ಭಾಷೆಗೆ 1960ರ ದಶಕದಲ್ಲಿ ಲ್ಯಾಂಪ್ ಎಂಬವರು ಬೇರೆಯೇ ನಿಘಂಟು ತಂದರು. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಹೊಸ ಗ್ರೀಕ್ ನಿಘಂಟು ಬಂದಿದೆ. ಹಾಗಿದ್ದರೂ ಲಿಡಲ್ ಮತ್ತು ಸ್ಕಾಟ್ ಮೂಲೆ ಸೇರಿಲ್ಲ. ಈಗ ಕಂಪ್ಯೂಟರಿನಲ್ಲೂ ತೆರೆದು ನೋಡಬಹುದು, ಎತ್ತುವ ಶ್ರಮವಿಲ್ಲ.

ಕೊನೆಯ ಆವೃತ್ತಿ ಹೊರಬಂದ ಮರುವರ್ಷ, 1898ರ ಜನವರಿ 18ರಂದು ಲಿಡಲ್ ಆ್ಯಸ್ಕಟ್‌ನಲ್ಲಿ ನಿಧನರಾದರು. ದೇಹವನ್ನು ಆಕ್ಸ್‌ಫರ್ಡಿಗೆ ತಂದು ಪ್ರಧಾನಾಲಯದ ಗರ್ಭಾಂಗಣದ ತೆಂಕಣ ಗೋಡೆಯ ಹೊರಗೆ, ಎಡಿತಳ ಸಮಾಧಿಯ ಹತ್ತಿರ ಭೂಸ್ಥಾಪನೆ ಮಾಡಿದರು.